ಮೇಷ್ಟ್ರ ಕಾದಂಬರಿಗೆ ಮೂರು ವಿಮರ್ಶೆಗಳು

ಹರಿಹರದ ಕೊಟ್ರಪ್ಪ ಮೇಷ್ಟ್ರು ಯಾರ ಕೈಯಲ್ಲಿ ಪುಸ್ತಕ ಕಂಡರೂ ಇಸಿದುಕೊಂಡು ಮೊದಲು ಕೊನೆಯ ಪುಟಗಳ ಅಂಚು ನೋಡುತ್ತಿದ್ದರು. ಅಲ್ಲಿ ಬೆರಳ ಕೊಳೆ ಹತ್ತಿದ್ದರೆ, “ಇದನ್ನ ಪೂರ್ತಿ ಓದ್ಯಾರೆ” ಎನ್ನುವರು. ಬೆಳ್ಳಗಿದ್ದರೆ ಹಾಗೇ ಮರಳಿಸುವರು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಹರೆಯದಲ್ಲಿ, ಚಂದ್ರನ ಮೇಲೆ ಊರು ಕಟ್ಟುವವರ ಬಗ್ಗೆ ಒಂದು ಕಾದಂಬರಿ ಬರೆದಿದ್ದರು. ಆಮೇಲೆ ಬರೆದದ್ದೆಲ್ಲ ಸಣ್ಣ ಕಥೆಗಳೇ. ೧೯೯೮ರಲ್ಲಿ ದಾವಣಗೆರೆಯಲ್ಲಿ ಎಂ.ಎ. ಓದುತ್ತಿದ್ದ ನಾನು ಆ ಕಾದಂಬರಿಯ ಮೇಲೆ ಪ್ರಬಂಧ ಬರೆಯಲು ಹೊರಟೆ. ಅಂದಿನ ವಿಮರ್ಶೆಗಳು ಬೇಕಿದ್ದವು. ಮೇಷ್ಟ್ರ ಬಳಿ ಒಂದೂ ಇರಲಿಲ್ಲ.

“ಬೈದಾರಂತ ಕೇಳೀನಿ. ಬೈಲಿ ಬಿಡು. ಕೊನೇತನಕ ಓದಿ ಬೈದಾರೋ ಇಲ್ಲೋ, ಅಷ್ಟು ನೋಡ್ಕೊಂಬಾರಪ್ಪ.”

“ಕಟ್ಕೊಂಡ ನಾನೇ ಓದಿಲ್ಲ, ಇನ್ಯಾರು ಓದ್ತಾರೆ?” ಎಂದರು ಒಳಗಿನಿಂದ ಅವರ ಹೆಂಡತಿ.

ಗ್ರಂಥಾಲಯದಲ್ಲಿ ಹಳೆಯ ವಾರಪತ್ರಿಕೆಗಳನ್ನು ವರ್ಷಕ್ಕೊಂದು ಸಂಪುಟವಾಗಿ ಹೊಲಿದಿಟ್ಟಿದ್ದರು. ಹೊಲಿಯುವಾಗ ರಕ್ಷಾಪುಟ ಕಿತ್ತೆಸೆಯುವುದು ಅಲ್ಲಿನ ಪದ್ಧತಿ; ಪತ್ರಿಕೆಗಳು ಎಷ್ಟೋ ಸಲ ಪುಸ್ತಕ ವಿಮರ್ಶೆ ಹಾಕುತ್ತಿದ್ದದ್ದು ಅದರ ಒಳಬದಿಗೇ. ನನ್ನ ದಿನಚರಿಯಲ್ಲಿರುವ ಲೆಕ್ಕ: ಹನ್ನೊಂದು ಶನಿವಾರ, ಮೂವತ್ತೆಂಟು ಸಂಪುಟ, ಎರಡು ವಿಮರ್ಶೆ, ಬಿಡದ ಕೆಮ್ಮು. ಹನ್ನೆರಡನೆಯ ಶನಿವಾರ ಶಾಮನೂರಿನ ಒಬ್ಬರ ಮನೆಯ ಅಟ್ಟದಲ್ಲಿ, ಹೊಲಿಯದೆ ಉಳಿದಿದ್ದ ಪತ್ರಿಕೆಗಳ ಕಂತೆಯಲ್ಲಿ ಮೂರನೆಯದು ಸಿಕ್ಕಿತು.

ಮರುದಿನವೇ ಹರಿಹರಕ್ಕೆ ಹೋದೆ. ಮೇಷ್ಟ್ರ ಕಣ್ಣು ಮಂಜಾಗಿತ್ತು, ನಾನೇ ಓದಿದೆ. ಮೊದಲನೆಯ ವಿಮರ್ಶಕರು ರಾಕೆಟ್ಟು ಹಾರಿದ್ದನ್ನು ಗೇಲಿ ಮಾಡಿದ್ದರು.

“ಅದು ಮೊದಲ್ನೇ ಅಧ್ಯಾಯ. ಮುಂದಿಂದು ಓದು.”

ಎರಡನೆಯವರು ಬೈದದ್ದು ಮುನ್ನುಡಿಯನ್ನು.

“ಇವನು ಅಲ್ಲೀತನಕಾನೂ ಬಂದಿಲ್ಲ.”

ಮೂರನೆಯದು ಎಲ್ಲಕ್ಕಿಂತ ಕಟುವಾಗಿತ್ತು. ಓದಲು ನನಗೆ ಮನಸ್ಸಿರಲಿಲ್ಲ. ಕಾದಂಬರಿಯ ಕೊನೆಯಲ್ಲಿ ತಾಯಿ ಬಯಲಿನಲ್ಲಿ ನಿಂತು ಕೂಗುತ್ತಾಳೆ, ದೂರದ ಮಗಳು ತಿರುಗಿ ನೋಡುತ್ತಾಳೆ. ಗಾಳಿಯೇ ಇಲ್ಲದ ಚಂದ್ರನಲ್ಲಿ ಕೂಗು ಕೇಳಿಸದೆಂಬುದು ವಿಜ್ಞಾನದ ಮೇಷ್ಟರಿಗೆ ತಿಳಿಯದೇ ಎಂದು ವಿಮರ್ಶಕರು ಕೇಳಿದ್ದರು.

ಮೇಷ್ಟ್ರು ಎದ್ದು ಕೂತರು. “ಕಡೇ ಪುಟ ಅದು.”

“ತಪ್ಪಲ್ಲೇನ್ರಿ ಸರ್?”

“ತಪ್ಪೇ. ಬರೆಯಾಗ್ಲೇ ಗೊತ್ತಿತ್ತು. ಆಕಿ ಕೂಗದಿದ್ರೆ ಆ ಹುಡುಗಿ ಹೆಂಗೆ ತಿರುಗಬೇಕು? ಇನ್ನೊಂದು ಸಲ ಓದು.”

ಮತ್ತೆರಡು ಸಲ ಓದಿದೆ. ಆಮೇಲೆ ವಿಮರ್ಶಕರಿಗೊಂದು ಕಾರ್ಡು ಬರೆಸಿದರು: ತಾವು ತೋರಿಸಿದ ತಪ್ಪು ನಿಜ, ಪೂರ್ತಿ ಓದಿದ್ದಕ್ಕೆ ವಂದನೆಗಳು. ವಿಮರ್ಶೆಯ ಕೆಳಗೆ ಇದ್ದದ್ದು ಬರೀ ಇನಿಷಿಯಲ್ಲು. ಆ ಪತ್ರಿಕೆಯ ಹಳೆಯ ವಿಳಾಸಕ್ಕೇ ಹಾಕಿದೆ. ಪತ್ರಿಕೆ ಎಂದೋ ನಿಂತಿತ್ತು. ಹದಿನಾರನೆಯ ದಿನ ಕಾರ್ಡು ನನಗೇ ವಾಪಸು ಬಂತು.

ಹೇಳಿಬಿಡೋಣವೆಂದು ಹೋದಾಗ ಮೇಷ್ಟ್ರು ಹಾಸಿಗೆ ಹಿಡಿದಿದ್ದರು. ಮಾತು ತೊದಲುತ್ತಿತ್ತು.

“ಕಾರ್ಡು ಮುಟ್ಟೈತೇನಪ್ಪ?”

“ಮುಟ್ಟೈತ್ರಿ ಸರ್.”

“ಬೇಜಾರು ಮಾಡ್ಕೊಂಡ್ನಾ?”

“ಇಲ್ರಿ. ಖುಷಿ ಆತಂತೆ.”

ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. ಅದೇ ಕೊನೆಯ ಭೇಟಿ. ಆ ದಿನದ ದಿನಚರಿಯಲ್ಲಿ ಹರಿಹರಕ್ಕೆ ಹೋದ ಬಸ್ಸಿನ ಹೊತ್ತು, ಬಂದ ಬಸ್ಸಿನ ಹೊತ್ತು ಎರಡೂ ಇವೆ. ನಡುವೆ ಏನೂ ಬರೆದಿಲ್ಲ.