ತಡಮೆಯಾಚೆಯ ಮನೆ

ಕೊರೋನಾ ಮುಗಿದ ಮರುವರ್ಷ ಇರಬೇಕು. ಅದರ ಮುಂದಿನ ವರ್ಷವೂ ಆಗಿರಬಹುದು. ಆಗ ನಾನು ಉಡುಪಿಯಲ್ಲಿ ಸ್ವಂತ ಕಚೇರಿ ಇಟ್ಟುಕೊಂಡು, ಗೃಹಸಾಲಕ್ಕೆ ಬರುವ ಮನೆಗಳನ್ನು ಬ್ಯಾಂಕಿನ ಪರವಾಗಿ ಪರಿಶೀಲಿಸುವ ಸಿವಿಲ್ ಎಂಜಿನಿಯರ್ ಆಗಿದ್ದೆ. ಜಾಗದ ಅಳತೆ ಸರಿ ಇದೆಯೇ, ಕಟ್ಟಡ ಇನ್ನೆಷ್ಟು ವರ್ಷ ಬಾಳೀತು, ನಕ್ಷೆಯಲ್ಲಿರುವುದಕ್ಕೂ ನೆಲದ ಮೇಲಿರುವುದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡಿ ವರದಿ ಕೊಡುವುದು ಕೆಲಸ. ಕಾಲೇಜಿನಲ್ಲಿ ಕಲಿತದ್ದರಲ್ಲಿ ಕೊನೆಯವರೆಗೆ ನನ್ನ ಜೊತೆ ಉಳಿದದ್ದು ಸಂಶಯ ಒಂದೇ. ಈಗ ಅದು ನನ್ನ ನೆನಪಿನ ಮೇಲೂ ತಿರುಗಿದೆ. ಹಾಗಾಗಿ ಇದನ್ನು ಬರೆಯುವ ಮೊದಲು ಫೋನಿನಲ್ಲಿದ್ದ ಹಳೆಯ ಚಿತ್ರಗಳನ್ನು ತೆಗೆದು ನೋಡಿದೆ. ಅವುಗಳಲ್ಲಿ ಇರುವುದನ್ನು ಖಚಿತವಾಗಿ ಹೇಳಬಲ್ಲೆ. ಉಳಿದದ್ದು ನೆನಪು ಒದಗಿಸಿದಷ್ಟು.

ಮನೆ ಕೊಳ್ಳಲು ಹೊರಟವರು ಜಾನೆಟ್. ಮಣಿಪಾಲದ ಒಂದು ಆಸ್ಪತ್ರೆಯ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ತಾಯಿ ಸಿಸಿಲಿಯಾ ಬಾಯಿಯ ಜೊತೆ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಬಾಡಿಗೆಗೆ ಇದ್ದರು. ತಾಯಿಯ ಎರಡೂ ಮೊಣಕಾಲು ಕೈಕೊಟ್ಟಿದ್ದವು. ಡಾಕ್ಟರರ ಬಳಿ ಹೋಗುವುದಿದ್ದರೆ ಇಬ್ಬರು ಕುರ್ಚಿಯಲ್ಲಿ ಕೂರಿಸಿ ಇಳಿಸಬೇಕಿತ್ತು. ಆ ನಾಚಿಕೆಗೆ ಅವರು ಇಗರ್ಜಿಗೆ ಹೋಗುವುದನ್ನೂ ಬಿಟ್ಟಿದ್ದರು. ನೆಲಮಟ್ಟದ ಮನೆ, ಬಾಗಿಲವರೆಗೆ ರಿಕ್ಷಾ ಬರಬೇಕು, ಮಣಿಪಾಲಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುವಂತಿರಬೇಕು. ಜಾನೆಟ್ ಕೇಳಿದ್ದು ಇಷ್ಟೇ. ಅಂಥ ಮನೆ ಉದ್ಯಾವರದಲ್ಲಿ ಸಿಕ್ಕಿದೆ ಎಂದುಕೊಂಡಿದ್ದರು.

ಮಾರುವವರು ರವೀಂದ್ರ, ಗಲ್ಫಿನಿಂದ ಮರಳಿದವರು. ಒಂದು ಬೆಳಿಗ್ಗೆ ಅವರೇ ನಮ್ಮನ್ನು ಕರೆದುಕೊಂಡು ಹೋದರು. ಓಣಿಯಲ್ಲಿ ಕಾರು ನಿಲ್ಲಿಸಿ, ಒಂದು ಮನೆಯ ಅಂಗಳ ಹಾದು, ತಡಮೆ ದಾಟಿ ಒಳಗೆ ಹೋದೆವು. ತಡಮೆ ಎಂದರೆ ದನ ನುಗ್ಗದಂತೆ, ಮನುಷ್ಯರು ಮಾತ್ರ ಹತ್ತಿ ಇಳಿಯುವಂತೆ ಆವರಣ ಗೋಡೆಯ ನಡುವೆ ಇಡುವ ಕಲ್ಲಿನ ಮೆಟ್ಟಿಲು. ಮೂರು ಮೆಟ್ಟಿಲು ಎಂದು ನನ್ನ ನೆನಪು, ಚಿತ್ರದಲ್ಲಿ ನಾಲ್ಕಿವೆ.

ಮನೆಯಲ್ಲಿ ಏನೂ ದೋಷ ಸಿಗಲಿಲ್ಲ. ಕೆಂಪು ಮುರಕಲ್ಲಿನ ಗೋಡೆ, ಸೋರದ ಚಾವಣಿ, ಸಿಹಿನೀರಿನ ಬಾವಿ. ಹತ್ತು ಸೆಂಟ್ಸ್ ಜಾಗ ಅಳತೆಗೆ ಸರಿಹೋಯಿತು. ಜಾನೆಟ್ ಅಡುಗೆಮನೆಯ ಕಿಟಕಿ ತೆರೆದು ನಿಂತು, ಅಮ್ಮನ ಮಂಚ ಎಲ್ಲಿ ಇಡುವುದೆಂದು ಆಗಲೇ ಯೋಚಿಸುತ್ತಿದ್ದರು. ನಾನು ನಕ್ಷೆ ಬಿಡಿಸಿದೆ. ಮುಂದಿನ ಪಂಚಾಯತ್ ರಸ್ತೆಗೂ ಈ ಮನೆಗೂ ನಡುವೆ ರವೀಂದ್ರರದ್ದೇ ಇನ್ನೊಂದು ತುಂಡು ಜಾಗವಿತ್ತು. ಅಲ್ಲಿ ಅಂಗಡಿ ಕಟ್ಟಡ ಕಟ್ಟುವ ಯೋಜನೆಯಿಂದ ಅದನ್ನು ಇಡಿಯಾಗಿ ಇಟ್ಟುಕೊಂಡು, ಹಿಂದಿನದನ್ನು ಮಾತ್ರ ಮಾರುತ್ತಿದ್ದರು. ಈ ಹತ್ತು ಸೆಂಟ್ಸಿಗೆ ನಕ್ಷೆಯಲ್ಲಿ ಯಾವ ದಿಕ್ಕಿನಿಂದಲೂ ರಸ್ತೆ ಇರಲಿಲ್ಲ.

ರಸ್ತೆ ಎಲ್ಲಿ ಎಂದು ಕೇಳಿದೆ.

“ಇದೇ ಅಲ್ವಾ ಸರ್, ನಾವು ಬಂದದ್ದು? ಅದು ನನ್ನ ಚಿಕ್ಕಮ್ಮನ ಅಂಗಳ. ಅಜ್ಜಿಯ ಕಾಲದಿಂದ ಎಲ್ಲರೂ ಹಾಗೇ ಬರುದು. ತಡಮೆ ಒಡೆದ್ರೆ ಕಾರೂ ಬರ್ತದೆ.”

ನಮ್ಮ ಕಡೆ ಇದು ಹೊಸದಲ್ಲ. ಪಾಲಾದ ಕುಟುಂಬಗಳು ಜಾಗ ಬೇರೆ ಮಾಡಿಕೊಳ್ಳುತ್ತವೆ, ನಡೆಯುವ ದಾರಿಯನ್ನು ಬೇರೆ ಮಾಡಿಕೊಳ್ಳುವುದಿಲ್ಲ. ಹಾಯುವವರು ಸಂಬಂಧಿಕರೇ ಆಗಿರುವಾಗ ಅದನ್ನು ಬರೆದಿಡಬೇಕೆಂದು ಯಾರಿಗೂ ತೋಚುವುದಿಲ್ಲ. ಆದರೆ ಕೊಳ್ಳುವವರು ಹೊರಗಿನವರಾದ ದಿನ ಆ ಮನೆ ನಾಲ್ಕು ಕಡೆಯಿಂದಲೂ ಮುಚ್ಚಿಕೊಳ್ಳುತ್ತದೆ.

ರಸ್ತೆ ಇಲ್ಲದ ಮನೆಗೆ ಸಾಲ ಸಿಗುವುದಿಲ್ಲ ಎಂದು ಹೇಳಿದಾಗ ಜಾನೆಟ್ ನನ್ನ ಮೇಲೆ ರೇಗಿದರು. “‘ದಾರಿ ಉಂಟು’ ಅಂತ ನೀವು ಎರಡು ಶಬ್ದ ಬರೆದ್ರೆ ಆಯ್ತಲ್ಲ ಸರ್. ಸುಳ್ಳೇನಲ್ಲ. ನಾವು ಹಾರಿ ಬಂದದ್ದಾ?”

ಸುಳ್ಳಲ್ಲ ನಿಜ. ಬರೆದಿದ್ದರೆ ಸಾಲ ಮಂಜೂರಾಗುತ್ತಿತ್ತು. ನಾಳೆ ಯಾರಾದರೂ ಆ ಅಂಗಳಕ್ಕೆ ಗೇಟು ಹಾಕಿದರೆ ತಾಯಿ ಮಗಳು ಮೂರನೇ ಮಹಡಿಯಿಂದ ಬಿಡಿಸಿಕೊಂಡು ಇನ್ನೊಂದು ಬೋನಿಗೆ ಬೀಳುತ್ತಿದ್ದರು. ಬರೆಯಲೂ ಆಗದೆ, ಬರೆಯುವುದಿಲ್ಲ ಎಂದು ಅವರ ಮುಖ ನೋಡಿ ಹೇಳಲೂ ಆಗದೆ, ಉಳಿದಿದ್ದ ಒಂದೇ ಉಪಾಯ ಹಿಡಿದೆ. ಚಿಕ್ಕಮ್ಮನಿಂದ ದಾರಿಯ ಹಕ್ಕನ್ನು ನೋಂದಣಿ ಮಾಡಿಸಿಕೊಳ್ಳುವುದು.

ಚಿಕ್ಕಮ್ಮ ಎಂದರೆ ಕುಸುಮ ಟೀಚರ್, ನಿವೃತ್ತ ಹೈಸ್ಕೂಲ್ ಅಧ್ಯಾಪಕಿ. ನನ್ನನ್ನೂ ಜಾನೆಟ್ ಅವರನ್ನೂ ಜಗಲಿಯಲ್ಲಿ ಕೂರಿಸಿ, ಚಹಾ ಕೊಟ್ಟು, ನನ್ನ ಮಾತನ್ನು ಪೂರ್ತಿ ಕೇಳಿದರು.

“ಇವರು ಬರ್ಲಿ, ಹೋಗ್ಲಿ. ನಾನು ಬೇಡ ಹೇಳುವವಳಲ್ಲ. ಸಹಿ ಮಾತ್ರ ಕೇಳ್ಬೇಡಿ.”

ಯಾಕೆಂದು ಕೇಳಿದೆ.

“ತಡಮೆ ಇರುವಷ್ಟು ದಿನ ಅದು ನಾನು ಕೊಟ್ಟ ದಾರಿ. ಒಡೆದು ಸಹಿ ಹಾಕಿದ್ರೆ ಅದು ರಸ್ತೆ. ನನ್ನ ಅಡುಗೆಮನೆ ಮೆಟ್ಟಿಲ ಬುಡದಲ್ಲಿ ಲಾರಿ ಬಂದ್ರೂ ನಾನು ಸುಮ್ಮನೆ ಕೂತ್ಕೊಳ್ಬೇಕು. ಅಲ್ವಾ, ಎಂಜಿನಿಯರ್ರೇ?”

ಹೌದು ಎಂದು ಎದ್ದು ಬಂದೆ. ‘ಪಕ್ಕದ ಮಾಲೀಕರ ಅಸಮ್ಮತಿಯಿಂದ ರಸ್ತೆ ಇಲ್ಲ’ ಎಂದು ಕರಡು ವರದಿ ಬರೆದೆ.

ಅದನ್ನು ತಿಳಿಸಲು ಮಣಿಪಾಲಕ್ಕೆ ಹೋದೆ. ಸಿಸಿಲಿಯಾ ಬಾಯಿ ಬಾಲ್ಕನಿಯ ಬಾಗಿಲಲ್ಲಿ ಕೂತಿದ್ದರು. ಮನೆ ಒಳ್ಳೆಯದುಂಟಾ ಎಂದು ಕೇಳಿದರು. ಒಳ್ಳೆಯದೇ, ಆದರೆ ಹೋಗಲಿಕ್ಕೆ ದಾರಿ ಇಲ್ಲ ಎಂದೆ. ಅವರು ನಕ್ಕುಬಿಟ್ಟರು.

“ಇಲ್ಲಿ ದಾರಿ ಉಂಟು, ಹೋಗ್ಲಿಕ್ಕೆ ಆಗುದಿಲ್ಲ. ಎಂತ ವ್ಯತ್ಯಾಸ, ಹೇಳಿ.”

ಜಾನೆಟ್ ಮುಖ ತಿರುಗಿಸಿಕೊಂಡರು. ಮಾರನೆಯ ದಿನ ಅವರೊಬ್ಬರೇ ಉದ್ಯಾವರಕ್ಕೆ ಹೋಗಿ, ಮನೆ ಬೇಡವೆಂದು ತೀರ್ಮಾನಿಸಿದ್ದೇವೆ, ತೊಂದರೆ ಕೊಟ್ಟೆವು ಎಂದು ಟೀಚರಿಗೆ ಹೇಳಿ ಬಂದರಂತೆ. ಯಾಕೆ ಬೇಕಿತ್ತು ಎಂದು ಟೀಚರ್ ಕೇಳಿದ್ದಕ್ಕೆ ಮೂರನೇ ಮಹಡಿಯ ವಿಷಯವನ್ನೂ ಹೇಳಿದ್ದರು. ನಾವು ಸಹಿ ಕೇಳಲು ಹೋದಾಗ ಅದನ್ನು ಹೇಳಬೇಕೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಆ ವಾರವೇ ರವೀಂದ್ರ ಫೋನು ಮಾಡಿ ನನ್ನನ್ನು ಬೈದರು. ಹೋಗಿ ನೋಡಿದರೆ ತಡಮೆ ಇರಲಿಲ್ಲ. ಅದರ ಜಾಗದಲ್ಲಿ ಮುರಕಲ್ಲು ಕಟ್ಟಿ ಸಿಮೆಂಟು ಬಳಿದಿತ್ತು. ಇನ್ನೂ ಹಸಿಯಾಗಿತ್ತು. ಹತ್ತು ಸೆಂಟ್ಸೂ ಮನೆಯೂ ಬಾವಿಯೂ ಒಳಗೆ ಬಂದಿ. ರವೀಂದ್ರ ಗೋಡೆಯ ಈಚೆ ನಿಂತು ಚಿಕ್ಕಮ್ಮನಿಗೆ ತುಳುವಿನಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳುತ್ತಿದ್ದರು. ಟೀಚರ್ ಅದಕ್ಕೆ ಕನ್ನಡದಲ್ಲಿ ಉತ್ತರಿಸಿದರು, ಬಹುಶಃ ನನಗೂ ಕೇಳಲೆಂದು:

“ಮಾರುವವ ನೀನು. ರಸ್ತೆ ನನ್ನ ಹತ್ರ ಯಾಕೆ ಕೇಳುದು ಮಾರಾಯ? ನಿನ್ನ ಮುಂದಿನ ಜಾಗ ಎಂತ ಮ್ಯೂಸಿಯಮ್ಮಾ? ಅದರಲ್ಲಿ ಬಿಡು. ಈಗ ಇದನ್ನು ಯಾರು ತೆಗೊಳ್ತಾರೆ, ನಾನೂ ನೋಡ್ತೇನೆ.”

ಬ್ಯಾಂಕು, ನಾನು, ಜಾನೆಟ್ ಎಲ್ಲರೂ ಹಳೆಯ ಕಾಲುಗಳು ನಡೆದ ಕಡೆಯೇ ರಸ್ತೆ ಹುಡುಕಿದ್ದೆವು. ಕೊಡುತ್ತಾ ಬಂದವರ ಬಳಿಯೇ ಮತ್ತೆ ಕೇಳಿದ್ದೆವು.

ಸಿಕ್ಕಿಬಿದ್ದದ್ದು ಈಗ ರವೀಂದ್ರ. ಒಂದೆರಡು ತಿಂಗಳು ಎಳೆದಾಡಿದರು. ಅಂಗಡಿ ಕಟ್ಟಡ ಕುಗ್ಗುತ್ತದೆ ಎಂದರು, ಕೋರ್ಟಿಗೆ ಹೋಗುತ್ತೇನೆ ಎಂದರು. ಕೊನೆಗೆ ಮುಂದಿನ ಜಾಗದ ಅಂಚಿನಲ್ಲಿ ಹನ್ನೆರಡು ಅಡಿ ಅಗಲ ಬಿಟ್ಟುಕೊಟ್ಟರು. ಹೊಸ ನಕ್ಷೆಯಲ್ಲಿ ಅದು ರಸ್ತೆಯೆಂದು ದಾಖಲಾಯಿತು. ನಾನು ಕರಡನ್ನು ಹರಿದು ಬೇರೆ ವರದಿ ಕೊಟ್ಟೆ. ಬೇಡವೆಂದು ಬಿಟ್ಟಿದ್ದ ಜಾನೆಟ್ ಸಾಲ ಪಡೆದು ಮನೆ ಕೊಂಡರು.

ಸಿಸಿಲಿಯಾ ಬಾಯಿ ಬಂದ ದಿನ ನಾನೂ ಇದ್ದೆ. ಮಣಿಪಾಲದ ಮೆಟ್ಟಿಲುಗಳಲ್ಲಿ ಅವರನ್ನು ಕೊನೆಯ ಸಲ ಕುರ್ಚಿಯಲ್ಲಿ ಇಳಿಸಿದ್ದರು. ರಿಕ್ಷಾ ಬಾಗಿಲವರೆಗೆ ಬಂತು. ಅವರು ಇಳಿದು, ಹೊಸ್ತಿಲು ದಾಟುವ ಮೊದಲು, ಯಾರ ಕೈಯನ್ನೂ ಹಿಡಿಯದೆ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತರು.

ಹೊರಡುವಾಗ ಟೀಚರನ್ನು ಕಂಡೆ. ಹೊಸ ನೆರೆಯವರನ್ನು ನೋಡಲು ಅವರು ಈಗ ಓಣಿ ಇಳಿದು, ಪಂಚಾಯತ್ ರಸ್ತೆ ಸುತ್ತಿ ಹೋಗಬೇಕಿತ್ತು. ಗೋಡೆ ತೆಗೆಸಬಹುದಲ್ಲ ಎಂದೆ.

“ತೆಗೆದ್ರೆ, ಹಳೇ ದಾರಿ ಉಂಟಲ್ಲ ಅಂತ ರವಿ ನಾಳೆಯೇ ಆ ರಸ್ತೆಗೆ ಬೇಲಿ ಹಾಕ್ತಾನೆ, ನಿಮಗೆ ಗೊತ್ತಿಲ್ಲ,” ಎಂದರು. ಆಮೇಲೆ, “ಸಂಜೆ ಯಾರಾದ್ರೂ ಹಾದು ಹೋಗ್ತಿದ್ರು. ಈಗ ಚಹಾ ಒಬ್ಳಿಗೇ ಇಡುದು,” ಎಂದರು.

ಆಮೇಲೆ ಕಾಪು, ಕಾರ್ಕಳದ ಕಡೆ ಎಷ್ಟೋ ಮನೆಗಳನ್ನು ನೋಡಿದ್ದೇನೆ. ಗೋಡೆಯ ಬಿರುಕು ಹುಡುಕುವ ಮೊದಲು, ವಾಹನ ನಿಂತಲ್ಲಿಂದ ಬಾಗಿಲವರೆಗೆ ನಡೆದು ಆ ನೆಲ ಯಾರದ್ದೆಂದು ಕೇಳುತ್ತೇನೆ. ಆ ನೆಲದವರು ಸಹಿ ಹಾಕುವುದಿಲ್ಲ ಎಂದರೆ ‘ಅಸಮ್ಮತಿ’ ಎಂಬ ಶಬ್ದವನ್ನು ತಕ್ಷಣ ಬರೆಯುವುದಿಲ್ಲ. ರಸ್ತೆ ಕೊಡಬೇಕಾದವರು ನಿಜಕ್ಕೂ ಯಾರು ಎಂದು ಮೊದಲು ನೋಡುತ್ತೇನೆ.