ಟ್ರ್ಯಾಕ್ಟರಿನ ಕೂರಿಗೆಯ ಹಿಂದೆ ನಿಂತ ದಿನ

ನೀವು ಮಕ್ಕಳು ಕಂಡಿರುವುದು ಟ್ರ್ಯಾಕ್ಟರಿನ ಕೂರಿಗೆಯನ್ನು ಮಾತ್ರ. ಹೂವಿನ ಹಿಪ್ಪರಗಿಯ ಹತ್ತಿರದ ಈ ಊರಿಗೆ ನಾನು ಸೊಸೆಯಾಗಿ ಬಂದಾಗ ಬಿಳಿಜೋಳವನ್ನು ಎತ್ತಿನ ಕೂರಿಗೆಯಿಂದ ಬಿತ್ತುತ್ತಿದ್ದೆವು. ನಿಮ್ಮ ಮುತ್ಯಾ, ಅಂದರೆ ನನ್ನ ಗಂಡ, ಎತ್ತು ಹೊಡೆಯುತ್ತಿದ್ದರು. ನಾನು ಸೆರಗಿನ ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆ ನಡೆಯುತ್ತ, ಕೂರಿಗೆಯ ಬಟ್ಟಲಿಗೆ ಮುಷ್ಟಿಯಿಂದ ಕಾಳು ಬಿಡುತ್ತಿದ್ದೆ. ಬೆರಳು ಸಡಿಲವಾದರೆ ಪೈರು ದಟ್ಟ, ಬಿಗಿಯಾದರೆ ಸಾಲು ಖಾಲಿ.

"ಬಾಯಾಗಿಂದ ಮಾತು ಉದುರೂದಿಲ್ಲ, ಕೈಯಾಗಿಂದ ಕಾಳರ ಉದುರ್ತಾವಲ್ಲ!" ಎಂದು ಮುತ್ಯಾ ನಗುತ್ತಿದ್ದರು.

ಅವರು ತೀರಿಕೊಂಡ ಮೇಲೆ ಆ ಕೆಲಸ ನನ್ನ ಕೈಬಿಟ್ಟಿತು. ಗಂಡ ಹೋದವಳು ಬೀಜ ಬಿತ್ತಬಾರದು ಎಂಬ ಪದ್ಧತಿ ಮನೆಯಲ್ಲಿತ್ತು. ಹಿರಿಯ ನೆಗೆಣ್ಣಿ, ಅಂದರೆ ನನ್ನ ಭಾವನ ಹೆಂಡತಿ, ನಿಮ್ಮ ದೊಡ್ಡಾಯಿ, ಉಡಿ ಕಟ್ಟಿಕೊಂಡರು. ನಾನು ಬುತ್ತಿ ಹೊತ್ತು ಹೋಗಿ ಬದುವಿನ ಮೇಲೆ ಕೂರುತ್ತಿದ್ದೆ. ಯಾರೂ ಬಿರುಸಾಗಿ ಮಾತಾಡಲಿಲ್ಲ. ಆದರೂ ಬಿತ್ತನೆ ಬಂತೆಂದರೆ ನನ್ನ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಬದುವಿನ ಮಣ್ಣನ್ನೇ ಮುಷ್ಟಿಯಲ್ಲಿ ಹಿಡಿದು ಉದುರಿಸುತ್ತಿದ್ದವು.

ಆಮೇಲೆ ಎತ್ತು ಹೋಗಿ ಬಾಡಿಗೆಯ ಟ್ರ್ಯಾಕ್ಟರ್ ಬಂತು. ಬೀಜವನ್ನು ಪೆಟ್ಟಿಗೆಗೆ ಸುರಿದರೆ ಅದು ತಾನೇ ಕೊಳವೆಗಳಿಗೆ ಇಳಿಯುತ್ತದೆ. ಕೊಳವೆ ಕಟ್ಟಿಕೊಂಡಿತೇ ಎಂದು ನೋಡಲು ಮಾತ್ರ ಹಿಂದಿನ ಹಲಗೆಯ ಮೇಲೆ ಒಬ್ಬರು ನಿಲ್ಲಬೇಕು. ಆ ವರ್ಷ ದೊಡ್ಡಾಯಿಗೆ ಮೊಣಕಾಲು ನೋವು, ನಿಮ್ಮವ್ವ ಬಸುರಿ. ಡ್ರೈವರ್ ನಮ್ಮ ಓಣಿಯವನೇ. ನನ್ನ ಕಡೆ ತಿರುಗಿದ.

"ಚಿಗವ್ವಾ, ನೀವ ಹತ್ರಿ."

ದೊಡ್ಡಾಯಿ ತಡೆದರು. "ಆಕಿ ಹ್ಯಾಂಗ ಬಿತ್ತತಾಳೋ?"

"ಬಿತ್ತೂದು ಮಷೀನ್ರಿ ಯವ್ವಾ. ಚಿಗವ್ವ ಬರೇ ನೋಡಾಕಿ. ನೋಡಾಕೂ ಬ್ಯಾಡಂತೀರೇನು?"

ದೊಡ್ಡಾಯಿ ಬದುವಿನ ಕಡೆ ಸರಿದು ದಾರಿ ಬಿಟ್ಟರು. ನಾನು ಹತ್ತಿದೆ.

ಅರ್ಧ ಹೊಲಕ್ಕೆ ಒಂದು ಕೊಳವೆಗೆ ಕಾಳು ಬೀಳುವುದು ನಿಂತಿತು. "ನಿಲ್ಲಸೋ" ಎಂದೆ. ಟ್ರ್ಯಾಕ್ಟರಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಸಾಲು ಖಾಲಿ ಹೋಗುತ್ತಿತ್ತು. ಪೆಟ್ಟಿಗೆಯಿಂದ ಮುಷ್ಟಿ ತುಂಬ ಕಾಳು ತೆಗೆದು, ಆ ಕೊಳವೆಗೆ ಬಿಡುತ್ತ ಹೋದೆ. ಬೆರಳುಗಳು ಏನನ್ನೂ ಮರೆತಿರಲಿಲ್ಲ.

ಬದುವಿಗೆ ಬಂದಾಗ ಡ್ರೈವರ್ ಇಳಿದು, ಪೆಟ್ಟಿಗೆಯ ತೂತಿನಲ್ಲಿ ಸಿಕ್ಕಿದ್ದ ಕಸ ತೆಗೆದ. ನನ್ನ ಮುಷ್ಟಿ ಇನ್ನೂ ಮುಚ್ಚಿಯೇ ಇತ್ತು. ದೊಡ್ಡಾಯಿ ಅದನ್ನೇ ನೋಡುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ. ಅವರು ಕುಂಟುತ್ತ ಬೀಜದ ಚೀಲದ ತನಕ ಹೋಗಿ, ಬೊಗಸೆ ತುಂಬಿಕೊಂಡು ಬಂದರು.

"ಸೆರಗ ಒಡ್ಡು ತಂಗಿ," ಎಂದರು. "ಮತ್ತ ನಿಂತಿತಂದ್ರ ಬೇಕಾಗ್ತಾವು."

ಕಾಳು ಉಡಿಗೆ ಸುರಿದು, ಗಂಟನ್ನು ತಾವೇ ಕಟ್ಟಿದರು.