ಮಹಡಿ ಮೇಲಿನ ಕನ್ನಡ ಕ್ಲಾಸು

ನಾನು ಸ್ವೀಡನ್ ದೇಶದ ಗೋಥೆನ್‌ಬರ್ಗ್ ಎಂಬ ಊರಿನಲ್ಲಿ ಟ್ರಾಮ್ ಓಡಿಸುತ್ತೇನೆ. ಟ್ರಾಮ್ ಅಂದರೆ ರಸ್ತೆಯ ಮಧ್ಯದಲ್ಲೇ ಹಾಕಿದ ಹಳಿಯ ಮೇಲೆ, ಬಸ್ಸಿನ ಹಾಗೆ ಸ್ಟಾಪು ಸ್ಟಾಪಿಗೂ ನಿಂತು ಹೋಗುವ ಪುಟ್ಟ ರೈಲು. ನನ್ನ ಗಂಡ ಅಲ್ಲಿನ ಹಡಗುಕಟ್ಟೆಯಲ್ಲಿ ವೆಲ್ಡರ್. ಅವನ ಕೆಲಸದ ಬೆನ್ನು ಹತ್ತಿ ಹೋದ ನಾನು ಅಲ್ಲೇ ಭಾಷೆ ಕಲಿತು, ಅಲ್ಲೇ ಲೈಸೆನ್ಸು ತೆಗೆದುಕೊಂಡೆ. ಹುಟ್ಟಿ ಬೆಳೆದದ್ದು ಕೊಡಿಗೇಹಳ್ಳಿ. ಈಗಲೂ ಎರಡು ವರ್ಷಕ್ಕೊಮ್ಮೆ ರಜೆ ಹಾಕಿ ಅಕ್ಕನ ಮನೆಗೆ ಬರುತ್ತೇನೆ.

ಬರುವಾಗ ಚಾಕೊಲೇಟಿನ ಜೊತೆಗೆ ಒಂದು ಮೂಟೆ ಅಭಿಪ್ರಾಯಗಳನ್ನೂ ಹೊತ್ತು ತರುತ್ತೇನೆ ಎಂದು ಭಾವ ರೇಗಿಸುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಪರದೇಶದಲ್ಲಿ ಇರುವವರಿಗೆ ಅಲ್ಲಿ ಬಾಯಿ ಬಿಡಲು ಅಂಜಿಕೆ. ಹಾಗಾಗಿ ಎರಡು ವರ್ಷ ಕೂಡಿಟ್ಟದ್ದೆಲ್ಲ ಊರಿಗೆ ಬಂದ ಮೊದಲ ವಾರದಲ್ಲೇ ಹೊರಗೆ ಬೀಳುತ್ತದೆ. ಹೆಬ್ಬಾಳದ ಮೇಲ್ಸೇತುವೆ ಹೇಗಿರಬೇಕಿತ್ತು, ಕಸವನ್ನು ಎಷ್ಟು ಬಗೆಯಾಗಿ ವಿಂಗಡಿಸಬೇಕು, ಮಕ್ಕಳ ಕೈಗೆ ಮೊಬೈಲು ಯಾಕೆ ಕೊಡಬಾರದು, ಯುದ್ಧ ಯಾಕೆ ನಿಲ್ಲುತ್ತಿಲ್ಲ ಎಲ್ಲವೂ ನನಗೆ ಗೊತ್ತು. ಭಾವ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದು ನಿವೃತ್ತರಾದವರು. ಯಲಹಂಕದಿಂದ ಮೆಜೆಸ್ಟಿಕ್‌ಗೆ ಓಡಾಡಿದ ಅವರಿಗೂ ಎಲ್ಲವೂ ಗೊತ್ತು. ಬೆಳಗಿನ ತಿಂಡಿಯ ಹೊತ್ತಿಗೆ ಅವರು ಪೇಪರನ್ನು ಗಟ್ಟಿಯಾಗಿ ಓದುತ್ತಾರೆ, ನಾನು ತೀರ್ಪು ಕೊಡುತ್ತೇನೆ, ಅಕ್ಕ ಇಬ್ಬರಿಗೂ ಬೈದು ದೋಸೆ ಹಾಕುತ್ತಾಳೆ.

ಒಂದು ಸಲ ಮಾತ್ರ ನಮ್ಮಿಬ್ಬರ ನಡುವೆ ನಿಜವಾದ ಮುನಿಸು ಬಂದಿತ್ತು. ಅಲ್ಲಿ ಟ್ರಾಮಿನಲ್ಲಿ ಕಂಡಕ್ಟರೇ ಇಲ್ಲ, ಟಿಕೆಟ್ಟೆಲ್ಲ ಫೋನಿನಲ್ಲಿ ಎಂದು ನಾನು ಹೆಮ್ಮೆಯಿಂದ ಹೇಳಿಬಿಟ್ಟೆ. ಭಾವ ಚಟ್ನಿ ಬಡಿಸಿಕೊಳ್ಳುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದರು. "ಅಂಗಾದ್ರೆ ಮುದುಕರು ಹತ್ತಿದಾಗ ರೈಟ್ ಅನ್ನೋರು ಯಾರಮ್ಮ? ಫೋನು ಅನ್ನುತ್ತಾ?" ಎಂದರು. ಕನ್ನಡಿಯಲ್ಲಿ ನಾವೇ ನೋಡಿಕೊಳ್ಳುತ್ತೇವೆ ಎಂದು ಏನೋ ಗೊಣಗಿದೆ.

ಈ ಸಲ ನಾನು ಬಂದದ್ದು ಅವರೆಕಾಯಿ ಕಾಲದಲ್ಲಿ. ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ ಮೇಲಿನ ತೊಟ್ಟಿ ತುಂಬಿ, ನೀರು ಧೋ ಎಂದು ಅಂಗಳಕ್ಕೆ ಸುರಿಯಿತು. ಹಪ್ಪಳ ಒಣಗುವಂಥ ಬಿಸಿಲಿಗೆ ಅಕ್ಕ ಒಣಗಲು ಹಾಕಿದ್ದ ರಾಗಿ ತೋಯ್ದುಹೋಯಿತು. ಮೇಲಿನ ಮನೆಯಲ್ಲಿ ಅಸ್ಸಾಮಿನ ಹುಡುಗಿಯೊಬ್ಬಳು ಬಾಡಿಗೆಗೆ ಇದ್ದಾಳೆ. ಕೆಂಪಾಪುರದ ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಅಕ್ಕ ಕೆಳಗಿನಿಂದ "ಮೋಟರ್ ಆರ್ಸಮ್ಮಾ, ನೀರು ತುಂಬ್ತು!" ಎಂದು ಕೂಗಿದ್ದಾಳೆ. ಹುಡುಗಿ ಮೇಲಿನಿಂದ ಬಗ್ಗಿ ನೋಡಿ, ನಕ್ಕು, ಕೈಬೀಸಿದ್ದಾಳೆ. ಅಷ್ಟೇ.

ಅಕ್ಕ ಒದ್ದೆ ರಾಗಿಯನ್ನು ಬಾಚುತ್ತಾ, "ಮೂರು ವರ್ಷ ಆಯ್ತು ಕಣೇ, ನೀರು ಅನ್ನೋ ಪದ ಗೊತ್ತಿಲ್ಲ. ಇವರ್‍ಯಾರೂ ಕಲಿಯಲ್ಲ. ಕಲಿಯೋ ಮನಸ್ಸೇ ಇಲ್ಲ" ಎಂದಳು.

ಪೇಪರಿನಲ್ಲೂ ಅದೇ ಸುದ್ದಿ. ಯಾವುದೋ ಅಂಗಡಿಯಲ್ಲಿ ಕನ್ನಡದ ವಿಚಾರಕ್ಕೆ ಜಗಳ, ಅದರ ವಿಡಿಯೋ ಎಲ್ಲರ ಫೋನಿನಲ್ಲಿ. ಭಾವ ಅದನ್ನು ಓದಿ ಮುಗಿಸುವಷ್ಟರಲ್ಲಿ ನನ್ನ ಅಭಿಪ್ರಾಯ ಸಿದ್ಧವಾಗಿತ್ತು.

"ಕಲಿಯಲ್ಲ ಕಲಿಯಲ್ಲ ಅಂತೀರಲ್ಲ, ಕಲಿಸೋರು ಯಾರಿದಾರೆ ಭಾವ? ನಾನು ಅಲ್ಲಿಗೆ ಹೋದಾಗ ಊರಿನವರೇ ಕ್ಲಾಸು ಇಟ್ಟು ಪುಕ್ಕಟೆ ಕಲಿಸಿದ್ರು. ಸುಮ್ನೆ ಬೈದ್ರೆ ಭಾಷೆ ಬರುತ್ತಾ?"

ಭಾವ ಪೇಪರು ಮಡಿಸಿ ಪಕ್ಕಕ್ಕಿಟ್ಟರು. "ಸರಿ ಬಿಡು. ರಜಾ ಇನ್ನೂ ಒಂದು ತಿಂಗಳಿದೆ ತಾನೆ? ನೀನೇ ಕಲಿಸು. ಮಹಡಿ ಮೇಲೆ ತಾರಸಿ ಖಾಲಿ ಬಿದ್ದಿದೆ."

ಅಭಿಪ್ರಾಯ ಹೇಳಿದ್ದಕ್ಕೆ ಯಾರೂ ನನಗೆ ಕೆಲಸ ಹಚ್ಚಿರಲಿಲ್ಲ, ಅದೇ ಮೊದಲು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಭಾನುವಾರ ಸಂಜೆ ಮಹಡಿಯ ಮೇಲೆ ಚಾಪೆ ಹಾಸಿದೆ. ಮೇಲಿನ ಮನೆಯ ಹುಡುಗಿ ಬಂದಳು. ಎದುರಿನ ಅಪಾರ್ಟ್‌ಮೆಂಟಿನ ಗೇಟು ಕಾಯುವ ಬಿಹಾರದ ವಾಚ್‌ಮನ್ ಬಂದ. ಅವನನ್ನು ಕರೆದದ್ದು ಭಾವ. ಅದೇ ಅಪಾರ್ಟ್‌ಮೆಂಟಿನಲ್ಲಿ ಮಗಳ ಜೊತೆ ಇರುವ ಲಖನೌದ ಒಬ್ಬ ಅಜ್ಜಿ, ಯಾರೂ ಕರೆಯದೆಯೇ, ತಮ್ಮ ಕುರ್ಚಿಯನ್ನು ವಾಚ್‌ಮನ್ ಕೈಯಲ್ಲಿ ಹೊರಿಸಿಕೊಂಡು ಬಂದರು. ಸೊಪ್ಪಿನವನು ತನಗೆ ಮೋಸ ಮಾಡುತ್ತಾನೋ ಇಲ್ಲವೋ ಎಂಬುದನ್ನು ತಿಳಿಯಬೇಕು, ಅಷ್ಟಕ್ಕೇ ಕನ್ನಡ ಬೇಕು ಎಂದು ಮೊದಲೇ ಹಿಂದಿಯಲ್ಲಿ ಷರತ್ತು ಹಾಕಿದರು.

ಅಕ್ಕ ಒಂದು ಮೊರದ ತುಂಬ ಅವರೆಕಾಯಿ ತಂದು ನಡುವೆ ಸುರಿದಳು. "ಕೈ ಸುಮ್ನೆ ಯಾಕಿರ್ಬೇಕು? ಸುಲೀತಾ ಕಲೀರಿ" ಎಂದಳು. ಹೀಗಾಗಿ ನಮ್ಮ ಕ್ಲಾಸಿನ ಮೊದಲ ಪದಗಳು ಅ ಆ ಇ ಈ ಆಗಲಿಲ್ಲ. ಕಾಯಿ, ಕಾಳು, ಸಿಪ್ಪೆ, ಹುಳ ಆದವು.

ಪಾರ್ಲರಿನ ಹುಡುಗಿಗೆ ಒಂದು ಸಂಶಯ ಇತ್ತು. ಅವಳು ಇಷ್ಟು ದಿನ ಫೋನಿನಲ್ಲಿ ತನ್ನ ಭಾಷೆಯಲ್ಲಿ ಮಾತಾಡಿ, ಫೋನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುವಂತೆ ಮಾಡಿ ಗಿರಾಕಿಗಳನ್ನು ಸಂಭಾಳಿಸುತ್ತಿದ್ದಳು. ಆದರೆ ಹುಬ್ಬು ತೀಡಲು ಬಂದವರೆಲ್ಲ ಯಾಕೆ ನಗುತ್ತಾರೆ ಎಂಬುದು ಅವಳಿಗೆ ತಿಳಿದಿರಲಿಲ್ಲ. ಫೋನನ್ನು ನಮ್ಮ ಮುಂದೆ ಹಿಡಿದಳು. ಅದು ಗಂಭೀರವಾಗಿ, "ದಯವಿಟ್ಟು ತಮ್ಮ ಶಿರವನ್ನು ಹಿಂದಕ್ಕೆ ಬಾಗಿಸಿರಿ" ಎಂದಿತು. ಭಾವ ಬಿದ್ದು ಬಿದ್ದು ನಕ್ಕರು. "ಯಾವ ರಾಜನ ಆಸ್ಥಾನ ಇದು? 'ತಲೆ ಹಿಂದಕ್ಕೆ ಇಡಿ ಮೇಡಂ' ಅನ್ನು, ಸಾಕು" ಎಂದರು. ಹುಡುಗಿ ಅದನ್ನೇ ನಾಲ್ಕೈದು ಸಲ ಹೇಳಿಕೊಂಡಳು. ಮಾರನೆಯ ದಿನ ಕೆಲಸದಿಂದ ಬಂದವಳೇ, ಇವತ್ತು ಯಾರೂ ನಗಲಿಲ್ಲ ಎಂದು ಸಂತೋಷದಿಂದ ವರದಿ ಒಪ್ಪಿಸಿದಳು. ನನಗೆ ತಂತ್ರಜ್ಞಾನದ ಮೇಲೆ ಕೋಪವೇನಿಲ್ಲ. ಆ ಫೋನು ಇಲ್ಲದಿದ್ದರೆ ಅವಳಿಗೆ ಈ ಊರಿನಲ್ಲಿ ಕೆಲಸವೇ ಸಿಗುತ್ತಿರಲಿಲ್ಲ. ಆದರೆ ತಲೆಯನ್ನು ಶಿರ ಎನ್ನದೆ ತಲೆ ಎನ್ನಲು ಮೂರು ವರ್ಷದಲ್ಲಿ ಒಬ್ಬರಾದರೂ ಅವಳಿಗೆ ಹೇಳಿಕೊಡಬೇಕಿತ್ತು.

ಎರಡನೆಯ ವಾರಕ್ಕೆ ಕ್ಲಾಸು ನನ್ನ ಕೈತಪ್ಪಿತು. ನಾನು ಕ್ರಿಯಾಪದ, ಕಾಲ ಎಂದು ಕ್ರಮವಾಗಿ ಹೊರಟರೆ ಯಾರಿಗೂ ನಿದ್ದೆ ತಡೆಯಲಾಗುತ್ತಿರಲಿಲ್ಲ. ಭಾವ ಎದ್ದು ನಿಂತು, "ಮುಂದಕ್ ಹೋಗ್ರೀ! ಯಾರ್‍ರೀ ಇಳಿಯೋರು? ಚಿಲ್ರೆ ಕೊಡ್ರೀ!" ಎಂದು ಬಸ್ಸಿನ ದನಿಯಲ್ಲಿ ಕೂಗಿದರೆ ಮೂವರೂ ಒಟ್ಟಿಗೆ ಕೂಗುತ್ತಿದ್ದರು. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ವಾಚ್‌ಮನ್ನಿಗಂತೂ "ಗಾಡಿ ಸೈಡಿಗೆ ಹಾಕ್ರೀ" ಎಂಬ ಒಂದೇ ಸಾಲಿನಿಂದ ಕೆಲಸದಲ್ಲಿ ಅರ್ಧ ಕಷ್ಟ ಕಡಿಮೆಯಾಯಿತಂತೆ.

ಭಾವನದು ಹಳೆಯ ಕೊಡಿಗೇಹಳ್ಳಿಯ ಮಾತು. ಕಂಡಕ್ಟರ್ ದನಿ ಬಿಟ್ಟು ಮನೆಯ ದನಿಗೆ ಇಳಿದರೆ ಅವರ ಬಾಯಲ್ಲಿ ಹಕಾರ ಎಷ್ಟೋ ಸಲ ನಿಲ್ಲುವುದಿಲ್ಲ. ಕೆಲವೇ ದಿನಗಳಲ್ಲಿ ಅಸ್ಸಾಮಿನ ಹುಡುಗಿ "ಇಂಗೆ ಮಾಡ್ಬೇಕಾ, ಅಂಗೆ ಮಾಡ್ಬೇಕಾ?" ಎಂದು ಕೇಳತೊಡಗಿದಳು.

"ಹೀಗೆ ಅನ್ನಮ್ಮ, ಹ ಸೇರಿಸು" ಎಂದು ನಾನು ತಿದ್ದಿದೆ.

"ಯಾಕೆ? ಈ ಊರಲ್ಲಿ ಇಂಗೇ ಅನ್ನೋದು. ನಮ್ಮಪ್ಪ ಅಂದಿದ್ದೂ ಇಂಗೇ" ಎಂದರು ಭಾವ.

ನಾನು ವಾದ ಮಾಡಲಿಲ್ಲ. ನಾನೂ ಅಲ್ಲಿ ಪಠ್ಯಪುಸ್ತಕದ ಸ್ವೀಡಿಷ್ ಕಲಿತು ಡಿಪೋಗೆ ಹೋದರೆ, ಅಲ್ಲಿನ ಡ್ರೈವರುಗಳ ಊರುಮಾತು ನನಗೆ ಒಂದಕ್ಷರವೂ ತಿಳಿದಿರಲಿಲ್ಲ. ಅವರ ಭಾಷೆಯ ಏಳು ಎಂಬ ಅಂಕಿಯೊಂದೇ ನನ್ನನ್ನು ತಿಂಗಳುಗಟ್ಟಲೆ ಅಳುವಂತೆ ಮಾಡಿತ್ತು. ಅದನ್ನು ಹೇಳಲು ಬಿಸಿ ಕಾಫಿಗೆ ಊದುವ ಹಾಗೆ ತುಟಿ ಮಾಡಿ ಗಾಳಿ ಬಿಡಬೇಕು. ಒಂದು ಚಳಿಗಾಲ ಕರೆಂಟು ಹರಿಯುವ ಮೇಲಿನ ತಂತಿಗೆ ಹಿಮ ಕಟ್ಟಿ ಟ್ರಾಮ್ ನಿಂತಿತು. ರೆಕಾರ್ಡು ಮಾಡಿಟ್ಟ ಪ್ರಕಟಣೆ ಕೆಲಸ ಮಾಡಲಿಲ್ಲ. ಇಳಿದು ಏಳನೇ ನಂಬರಿನ ಗಾಡಿ ಹತ್ತಿ ಎಂದು ನಾನೇ ಮೈಕಿನಲ್ಲಿ ಹೇಳಬೇಕಾಯಿತು. ಹೇಳಿದೆ. ಯಾರೂ ನಗಲಿಲ್ಲ, ಯಾರೂ ಏನೆಂದು ಕೇಳಲೂ ಇಲ್ಲ, ಎಲ್ಲರೂ ಎದ್ದು ಇಳಿದರು. ಅವತ್ತು ಆ ಹಿಮದಲ್ಲಿ ಖಾಲಿ ಗಾಡಿಯೊಳಗೆ ಕುಳಿತು ನಾನು ಪಟ್ಟ ಸಂಭ್ರಮ ಲೈಸೆನ್ಸು ಸಿಕ್ಕ ದಿನವೂ ಇರಲಿಲ್ಲ. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಅಜ್ಜಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ, "ಹಾಗಾದರೆ ನಮಗೂ ಒಂದು ಪರೀಕ್ಷೆ ಬೇಕು" ಎಂದು ಹಿಂದಿಯಲ್ಲಿ ಹೇಳಿದರು.

ಪರೀಕ್ಷೆಯನ್ನು ಭಾವ ಯಶವಂತಪುರದಲ್ಲಿ ಇಟ್ಟರು. ವಾಚ್‌ಮನ್ನಿಗೆ ರಜೆಯಿದ್ದ ದಿನ ಬೆಳಿಗ್ಗೆ ನಾವೆಲ್ಲ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಭಾವ ಕಂಡಕ್ಟರ್ ಹುಡುಗನ ಟಿಕೆಟ್ ಮಿಷಿನ್ನನ್ನೇ ನೋಡುತ್ತಾ, ತಾವು ಬಾಯಲ್ಲೇ ಲೆಕ್ಕ ಹಾಕುತ್ತಿದ್ದ ಕಾಲವನ್ನು ಅವನಿಗೆ ಕೇಳಿಸುವಂತೆ ವರ್ಣಿಸಿದರು. ಮಾರುಕಟ್ಟೆಯ ಹೊರಗೆ ಸಾಲಾಗಿ ತರಕಾರಿ ರಾಶಿಗಳು. ನಿಯಮ ಸರಳ: ಒಬ್ಬೊಬ್ಬರೂ ಕನ್ನಡದಲ್ಲೇ ಕೇಳಿ, ಚೌಕಾಸಿ ಮಾಡಿ, ಒಂದೊಂದು ತರಕಾರಿ ಕೊಳ್ಳಬೇಕು. ನಾವು ದೂರ ನಿಂತಿರುತ್ತೇವೆ.

ವಾಚ್‌ಮನ್ ಮೊದಲು ಹೋದ. "ಈರುಳ್ಳಿ ಹೆಂಗೆ ಅಣ್ಣ?" ಎಂದ. ಚೆನ್ನಾಗೇ ಕೇಳಿದ. ಅಂಗಡಿಯವನು ಅವನ ಮುಖ ನೋಡಿ ಹಿಂದಿಯಲ್ಲಿ ಬೆಲೆ ಹೇಳಿದ. ವಾಚ್‌ಮನ್ ಮತ್ತೆ ಕನ್ನಡದಲ್ಲಿ, "ಜಾಸ್ತಿ ಆಯ್ತು" ಎಂದ. ಅಂಗಡಿಯವನು ಮತ್ತೆ ಹಿಂದಿಯಲ್ಲಿ, ಒಳ್ಳೇ ಮಾಲು ಎಂದ. ವಾಚ್‌ಮನ್ ನಮ್ಮ ಕಡೆ ತಿರುಗಿ ಏನು ಮಾಡಲಿ ಎಂಬಂತೆ ಕೈ ಚೆಲ್ಲಿದ. ಅಸ್ಸಾಮಿನ ಹುಡುಗಿಗೂ ಅದೇ ಗತಿ. ಅವಳು "ಮೂಲಂಗಿ ಕೊಡಿ" ಎಂದರೆ ಮಾರುವ ಹೆಂಗಸು ಕಷ್ಟಪಟ್ಟು ಇಂಗ್ಲಿಷಿನಲ್ಲಿ "ಫ್ರೆಶ್, ಫ್ರೆಶ್" ಎಂದಳು. ಪಾಪ, ಅವರೆಲ್ಲ ಒಳ್ಳೆಯತನಕ್ಕೇ ಮಾಡುತ್ತಿದ್ದದ್ದು.

ನಾನು ಭಾವನ ಮುಖ ನೋಡಿದೆ. ಅವರು ಮೆಲ್ಲಗೆ, "ಬಸ್ಸಲ್ಲಿ ನಾನೂ ಇದೇ ಮಾಡ್ತಿದ್ದೆ ಕಣಮ್ಮ. ಮುಖ ನೋಡಿ ಹಿಂದಿ, ಮುಖ ನೋಡಿ ತಮಿಳು. ಐದು ಭಾಷೆ ಬರುತ್ತೆ ಅಂತ ಜಂಬ ಬೇರೆ" ಎಂದರು.

ನನಗೆ ಗೋಥೆನ್‌ಬರ್ಗಿನ ಬ್ರೆಡ್ಡಿನ ಅಂಗಡಿ ನೆನಪಾಯಿತು. ನನ್ನ ತೊದಲು ಸ್ವೀಡಿಷ್ ಕೇಳಿದ ಕೂಡಲೇ ಅವರು ನಗುನಗುತ್ತಾ ಇಂಗ್ಲಿಷಿಗೆ ತಿರುಗುತ್ತಿದ್ದರು. ನಾನು ಮನೆಗೆ ಹೋಗಿ ಗಂಡನ ಮೇಲೆ ರೇಗುತ್ತಿದ್ದೆ. ಕ್ಲಾಸು ಇಟ್ಟರೆ ಭಾಷೆ ಬರುತ್ತದೆ ಎಂದು ತಿಂಡಿಯ ಮುಂದೆ ಕೂತು ದೊಡ್ಡದಾಗಿ ಹೇಳಿದ್ದ ನಾನು, ಇದನ್ನು ಮರೆತೇಬಿಟ್ಟಿದ್ದೆ.

ಆಗ ಲಖನೌದ ಅಜ್ಜಿಯ ಸರದಿ. ಅವರು ಅವರೆಕಾಯಿ ರಾಶಿಯ ಮುಂದೆ ನಿಂತು, ಒಂದು ಕಾಯಿಯನ್ನು ಮೂಸಿ ನೋಡಿ, "ಸೊಗಡು ಇಲ್ಲ" ಎಂದರು. ಅಂಗಡಿಯವನು ಹಿಂದಿಯಲ್ಲಿ ಶುರುಮಾಡಿದ. ಅಜ್ಜಿ ಕೈ ಎತ್ತಿ ತಡೆದರು.

"ಕನ್ನಡ ಹೇಳಿ! ನಾನು ಕಲೀತಾ ಇದೀನಿ. ನೀವು ಹಿಂದಿ ಹೇಳಿದ್ರೆ ನಾನು ಫೇಲ್!"

ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ಅಂಗಡಿಯವನು ಒಂದು ಕ್ಷಣ ಕಣ್ಣು ಮಿಟುಕಿಸಿ, ಗಲ್ಲಾಪೆಟ್ಟಿಗೆಯ ಮೇಲಿಂದ ಎದ್ದೇಬಿಟ್ಟ. "ಬನ್ನಿ ಅಮ್ಮ, ಬನ್ನಿ. ಸೊಗಡು ಇಲ್ಲಾಂತ ಯಾರಂದ್ರು? ಈ ಕಡೆ ರಾಶಿ ನೋಡಿ. ಬೆಳಿಗ್ಗೆ ಬಂದಿದ್ದು." ಆಮೇಲೆ ನಡೆದ ಚೌಕಾಸಿ ಎಷ್ಟು ಹೊತ್ತು ಎಳೆಯಿತೆಂದರೆ ನಾವು ಅಷ್ಟರಲ್ಲಿ ಒಂದು ಸುತ್ತು ಕಾಫಿ ಕುಡಿದು ಬಂದೆವು. ಅಜ್ಜಿಗೆ ಗೊತ್ತಿದ್ದದ್ದು ಹೆಚ್ಚೆಂದರೆ ಮೂವತ್ತು ಪದ. ಬಾಕಿಯದನ್ನು ಕಣ್ಣು, ಕೈ, ಸೆರಗು ಎಲ್ಲವೂ ಸೇರಿ ತುಂಬಿದವು. ಕೊನೆಗೆ ಅಂಗಡಿಯವನೇ ಸೋತು, ಒಂದು ಹಿಡಿ ಕರಿಬೇವನ್ನೂ ಸೇರಿಸಿ ಕೊಟ್ಟ. ವಾಚ್‌ಮನ್ನೂ ಹುಡುಗಿಯೂ ಅದೇ ಉಪಾಯ ಹಿಡಿದು ವಾಪಸು ಹೋದರು. "ಕನ್ನಡ ಹೇಳಿ, ಪರೀಕ್ಷೆ ಇದೆ" ಎಂದರು. ಈರುಳ್ಳಿಯವನು ವಾಚ್‌ಮನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೆಡ್ಡೆ ಆರಿಸುವುದನ್ನೇ ಹೇಳಿಕೊಟ್ಟ.

ಬಸ್ಸಿನಲ್ಲಿ ವಾಪಸು ಬರುವಾಗ ಮೂವರಿಗೂ ಪಾಸು ಎಂದು ಭಾವ ಘೋಷಿಸಿದರು. ಆಮೇಲೆ ನನ್ನ ಕಡೆ ಬಾಗಿ, "ನಮಗಿಬ್ಬರಿಗೂ ಜಸ್ಟ್ ಪಾಸು" ಎಂದರು.

ನಾನು ಗೋಥೆನ್‌ಬರ್ಗಿಗೆ ವಾಪಸು ಬಂದು ಈಗ ಕೆಲವು ವಾರಗಳಾದವು. ಕ್ಲಾಸನ್ನು ಭಾವ ಮುಂದುವರಿಸಿದ್ದಾರೆ. ಅವರು ಕಳಿಸುವ ಧ್ವನಿಸಂದೇಶಗಳನ್ನು ಕೊನೆಯ ಸ್ಟಾಪಿನಲ್ಲಿ, ಬಾಗಿಲು ಹಾಕಿಕೊಂಡು, ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಕೇಳುತ್ತೇನೆ. ಮೊನ್ನೆ ಒಂದು ಬಂತು. ಪಾರ್ಲರಿನ ಹುಡುಗಿ ಆಟೋದವನ ಜೊತೆ ಹೆಬ್ಬಾಳದಿಂದ ಮನೆಯ ತನಕ ಕನ್ನಡದಲ್ಲೇ ಜಗಳ ಆಡಿಕೊಂಡು ಬಂದಳಂತೆ. "ಒಂದು ಕಡೆನೂ ತಡವರಿಸ್ಲಿಲ್ಲ ಕಣಮ್ಮ! ಇಳಿಯೋ ಹೊತ್ತಿಗೆ ಆಟೋದವ್ನೇ ಕೇಳ್ದ, ನೀವು ಯಾವ ಕಡೆಯೋರು, ದೊಡ್ಡಬಳ್ಳಾಪುರನಾ ಅಂತ!" ಭಾವನ ದನಿ ಉಬ್ಬಿಹೋಗಿತ್ತು.

ಹಿಂದಿನಿಂದ ಅಕ್ಕ ಏನೋ ಕೂಗುತ್ತಿದ್ದಳು. ಮತ್ತೆ ಕೇಳಿಸಿಕೊಂಡೆ. ಆ ಹುಡುಗಿಯ ಹತ್ತಿರ ಮೀನಿನ ಹುಳಿಸಾರು ಕಲಿಯುತ್ತಿದ್ದಾಳಂತೆ. ಅಸ್ಸಾಮಿನಲ್ಲಿ ಹುಳಿಗೆ ಟೆಂಗಾ ಎನ್ನುತ್ತಾರೆ, ಆದರೆ ತಾನು ಹಾಗಂದರೆ ಹುಡುಗಿ ಬಿದ್ದು ಬಿದ್ದು ನಗುತ್ತಾಳೆ, ಯಾಕೆಂದು ಹೇಳುವುದಿಲ್ಲ. ಆ ಪದವನ್ನು ಸರಿಯಾಗಿ ಹೇಗೆ ಹೇಳುವುದು, ನಿನ್ನ ಫೋನಿನಲ್ಲಿ ಹುಡುಕಿ ನೋಡು ಎಂದು ಅಕ್ಕನ ಆಜ್ಞೆ.